ಅಪ್‌ಡೇಟ್: ದೋಣಿಯ ಪೆಟ್ರೋಲ್ ಖರ್ಚು ಇಳಿಯಿತು

ಗಂಗೊಳ್ಳಿ ಅಳಿವೆಯೊಳಗೆ ಓಡಿಸುವ ನನ್ನ 14 ಅಡಿ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್‌ನಲ್ಲಿ (ದೋಣಿಯ ಹಿಂದೆ ಸಿಕ್ಕಿಸುವ ಇಂಜಿನ್) ಯಾಕೆ ಸಿಕ್ಕಾಪಟ್ಟೆ ಪೆಟ್ರೋಲ್ ಕುಡಿಯುತ್ತಿದೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಕಾರ್ಬುರೇಟರ್ ಅಲ್ಲ. ಅದನ್ನು ಸುಮ್ನೆ ಎರಡು ಸಲ ಬಿಚ್ಚಿಸಿದೆ!

ಇಂಜಿನ್ ಎಷ್ಟು ವಾಲಿ ನಿಲ್ಲಬೇಕೆಂದು ಹಿಡಿದಿಡುವ ಟ್ರಿಮ್ ಪಿನ್ ಕೊನೆಯ, ಹೊರಗಿನ ತೂತಿನಲ್ಲಿತ್ತು. ಇಂಜಿನ್ ದೋಣಿಯಿಂದ ದೂರ ವಾಲಿ, ದೋಣಿಯ ಮೂತಿ ಆಕಾಶ ನೋಡುತ್ತಿತ್ತು, ಹಿಂಭಾಗ ನೀರಲ್ಲಿ ಕೂತಿತ್ತು. ಸಾಲದ್ದಕ್ಕೆ ನಾನು, ಟ್ಯಾಂಕ್, ಐಸ್ ಡಬ್ಬ ಎಲ್ಲ ಹಿಂದೆಯೇ. ಥ್ರಾಟಲ್ ತಿರುಗಿಸಿದಷ್ಟೂ ಅಲೆ ಜಾಸ್ತಿ, ವೇಗ ಇಲ್ಲ.

ಇಂಜಿನ್ ನಿಲ್ಲಿಸಿ, ಮೇಲೆತ್ತಿ, ಪಿನ್ನನ್ನು ಎರಡು ತೂತು ಒಳಗೆ ಹಾಕಿದೆ. ದೋಣಿ ಮಟ್ಟಸವಾಗಿ ಓಡಿತು. ಆಸೆಗೆ ಇನ್ನೊಂದು ತೂತು ಒಳಗೆ ಹಾಕಿದರೆ ಮೂತಿ ನೀರು ಅಗೆಯತೊಡಗಿತು, ಹಿಡಿಕೆ ಕೈಯನ್ನೇ ಎಳೆಯಿತು. ವಾಪಸ್ ತಂದೆ.

ಐಸ್ ಡಬ್ಬ, ಟ್ಯಾಂಕ್ ಈಗ ಮುಂದಕ್ಕೆ ಹೋಗಿವೆ. ಪೂರ್ತಿ ಥ್ರಾಟಲ್ ಬದಲು ಮುಕ್ಕಾಲಿನಲ್ಲೇ ಓಡಿಸುತ್ತೇನೆ. ಮೊದಲು 7 ಲೀಟರ್ ಬೇಕಿದ್ದ ದಾರಿಗೆ ಈಗ ಐದೂವರೆ. ಉಬ್ಬರ, ಗಾಳಿ ದಿನಕ್ಕೊಂದು ಥರ, ಹಾಗಾಗಿ ನಾಲ್ಕು ಸಲ ಅಳೆದೇ ಹೇಳುತ್ತಿದ್ದೇನೆ. ಭಾರ ಮುಂದಕ್ಕೆ ಇಡಿ ಎಂದವರಿಗೆ ಒಂದು ಬಂಗುಡೆ ಊಟ ಬಾಕಿ ಇದೆ.