ಸಿಂಡಿಕೇಟ್‌ನಲ್ಲಿ ಬೋಧಕೇತರ ನೌಕರರಿಗೆ ಜಾಗ ಇದೆಯಾ?

ಮೌಲ್ಯಮಾಪನದವಳು:
ನಾನು ಒಂದು ರಾಜ್ಯ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ). ಅಂಕಪಟ್ಟಿ, ಮರುಮೌಲ್ಯಮಾಪನ, ತಡೆಹಿಡಿದ ಫಲಿತಾಂಶ ಎಲ್ಲವೂ ನಮ್ಮ ಟೇಬಲ್ ದಾಟಿಯೇ ಹೋಗಬೇಕು. ಈ ವರ್ಷ ಅಂಕ ದಾಖಲಿಸುವ ಕೆಲಸವನ್ನು ಹೊಸ ಪೋರ್ಟಲ್‌ಗೆ ಹಾಕಿದರು. ವಿಶ್ವವಿದ್ಯಾಲಯದ ತೀರ್ಮಾನಗಳನ್ನು ಮಾಡುವ ಮಂಡಳಿಯಾದ ಸಿಂಡಿಕೇಟ್‌ನಲ್ಲಿ ಒಪ್ಪಿಗೆ ಆಗಿತ್ತಂತೆ. ನಮಗೆ ಗೊತ್ತಾಗಿದ್ದು ಸುತ್ತೋಲೆ ಬಂದ ಮೇಲೆ. ಹಳೇ ಸ್ಕೀಮಿನ ರಿಪೀಟರ್‌ಗಳ, ಅಂದರೆ ಹಳೆಯ ಪಠ್ಯಕ್ರಮದಲ್ಲಿ ಮತ್ತೆ ಪರೀಕ್ಷೆ ಬರೆದವರ, ಅಂಕ ಹಾಕಲು ಅದರಲ್ಲಿ ಜಾಗವೇ ಇರಲಿಲ್ಲ. ನಮ್ಮಲ್ಲಿ ಯಾರನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದರು. ಬಿ.ಎಡ್. ಸೀಟು ಸಿಕ್ಕಿದ್ದ ಹುಡುಗಿಯೊಬ್ಬಳು ಅಂಕಪಟ್ಟಿ ಇಲ್ಲದೆ ಕೌಂಟರ್ ಮುಂದೆ ನಿಂತು ಅತ್ತಳು. ಅವಳಿಗೆ ಉತ್ತರ ಹೇಳಬೇಕಾದವರು ನಾವು.

ನಮ್ಮ ಸಂಘ ಬಡ್ತಿ, ಡಿಎ, ಪಿಂಚಣಿ ಬಗ್ಗೆ ಮನವಿ ಕೊಡುತ್ತದೆ. ಅದೂ ಬೇಕು. ಆದರೆ ಕೆಲಸ ಹೇಗೆ ನಡೆಯಬೇಕು ಎಂದು ತೀರ್ಮಾನ ಮಾಡುವಾಗಲೂ ನಮ್ಮ ಮಾತು ಕೇಳಬೇಕು ಅಲ್ವಾ? ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆಯಾ? ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು?

ನಿವೃತ್ತ ಮೇಷ್ಟ್ರು:
ಸಿಂಡಿಕೇಟ್‌ನಲ್ಲಿ ಇಲ್ಲ ಅಮ್ಮಾ. 1976ರ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯಾದರೂ ಇತ್ತು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಅದೂ ಹೋಯಿತು. ಈಗ ಸಿಂಡಿಕೇಟ್‌ನಲ್ಲಿ ಕೂರುವವರು ಕುಲಪತಿಗಳು, ಇಲಾಖೆಯ ಅಧಿಕಾರಿಗಳು, ಸರದಿಯಂತೆ ಬರುವ ಡೀನ್‌ಗಳು ಮತ್ತು ಪ್ರಿನ್ಸಿಪಾಲರು, ಸರ್ಕಾರ ಹಾಗೂ ರಾಜ್ಯಪಾಲರು ನಾಮನಿರ್ದೇಶನ ಮಾಡಿದವರು. ಕಚೇರಿಯ ವಿಷಯ ಬಂದರೆ ಕುಲಸಚಿವರು (ರಿಜಿಸ್ಟ್ರಾರ್) ಹೇಳುತ್ತಾರೆ ಎಂದು ಎಲ್ಲರೂ ಸುಮ್ನಿರುತ್ತಾರೆ. ಆ ಕುಲಸಚಿವರು ಎಷ್ಟೋ ಸಲ ಬೇರೆ ಇಲಾಖೆಯಿಂದ ವರ್ಗವಾಗಿ ಬಂದವರು. ರಿಪೀಟರ್‌ಗಳ ಕಷ್ಟ ಅವರಿಗೆ ಯಾರಾದರೂ ಹೇಳಿದರಷ್ಟೇ ಗೊತ್ತಾಗೋದು.

ಖಾಯಂ ಸ್ಥಾನ ಬೇಕೆಂದರೆ ವಿಧಾನಮಂಡಲದಲ್ಲಿ ಕಾಯ್ದೆ ತಿದ್ದುಪಡಿ ಆಗಬೇಕು. ಆ ಬೇಡಿಕೆಯನ್ನು ಬಿಡಬೇಡಿ. ಅಲ್ಲಿವರೆಗೆ ಕೈಗೆ ಸಿಗುವುದನ್ನು ಹಿಡಿಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿ. ತನ್ನಲ್ಲಿ ಯಾವ ಮಂಡಳಿ, ಸಮಿತಿಗಳಿವೆ, ಅವುಗಳ ನಡಾವಳಿ ಜನರಿಗೆ ಸಿಗುತ್ತದೋ ಇಲ್ಲವೋ ಎಂಬುದನ್ನು ಪ್ರತಿ ಸಾರ್ವಜನಿಕ ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕು. ಪೋರ್ಟಲ್ ಒಪ್ಪಿದ ಸಭೆಯ ನಡಾವಳಿ ಮೊದಲು ತೆಗೆಸಿ. ಯಾರ ವರದಿ ನೋಡಿ ಒಪ್ಪಿದರು ಎಂದು ತಿಳಿಯಲಿ. ಆಮೇಲೆ ಪರೀಕ್ಷಾ ವಿಭಾಗಕ್ಕೆ ಒಂದು ಸಲಹಾ ಸಮಿತಿ ಕೇಳಿ. ಅದಕ್ಕೆ ಕಾಯ್ದೆ ತಿದ್ದಬೇಕಿಲ್ಲ, ಸಿಂಡಿಕೇಟ್ ನಿರ್ಣಯ ಸಾಕು.

ಗ್ಲಾಸ್ಗೋ ಲ್ಯಾಬ್:
ನಾನು ಹಾಸನದವನು, ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಲ್ಲಿ ಇದಕ್ಕೆಂದೇ 2016ರಲ್ಲಿ ಕಾನೂನು ಬಂತು. ಆಡಳಿತ ಮಂಡಳಿಯಲ್ಲಿ ಸಿಬ್ಬಂದಿಯೇ ಆರಿಸಿದ ಕನಿಷ್ಠ ಇಬ್ಬರು ಇರಲೇಬೇಕು. ಅದಲ್ಲದೆ ಬೋಧಕರ ಯೂನಿಯನ್ ಕಡೆಯಿಂದ ಒಬ್ಬರು, ನಮ್ಮಂಥ ಸಹಾಯಕ ಸಿಬ್ಬಂದಿಯ ಯೂನಿಯನ್ ಕಡೆಯಿಂದ ಒಬ್ಬರು, ವಿದ್ಯಾರ್ಥಿ ಸಂಘದಿಂದ ಇಬ್ಬರು. ಪಕ್ಕದ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಅನ್ವಯಿಸುವ ಇಂಥ ಕಾನೂನಿಲ್ಲ.

ಆದರೆ ಒಂದು ಮಾತು. ಮಂಡಳಿಗೆ ಹೋದವರು ಇಡೀ ಸಂಸ್ಥೆಯ ಹಿತ ನೋಡಬೇಕು. ಬರೀ ಯೂನಿಯನ್ ಹೇಳಿದ್ದನ್ನು ಒಪ್ಪಿಸಿ ಬರುವ ಹಾಗಿಲ್ಲ. ಗೋಪ್ಯ ಕಾಗದಗಳನ್ನು ಹೊರಗೆ ಹೇಳುವಂತಿಲ್ಲ. ಹಾಗಾಗಿ ಮಂಡಳಿಯಲ್ಲಿ ಸ್ಥಾನ ಸಿಕ್ಕರೂ ವಿಭಾಗ ಮಟ್ಟದ ಸಮಾಲೋಚನೆ ಬೇರೆಯಾಗಿ ಇರಲೇಬೇಕು. ಮೇಷ್ಟ್ರು ಹೇಳಿದ ಸಮಿತಿಯನ್ನು ಗಟ್ಟಿಯಾಗಿ ಕೇಳಿ.

ಡಾಟಾ ಎಂಟ್ರಿ:
ಅಕ್ಕಾ, ನಾನೂ ಇಂಥದ್ದೇ ಕಡೆ ಅಂಕ ಟೈಪ್ ಮಾಡುವವನು. ಏಜೆನ್ಸಿ ಮೂಲಕ ಬಂದವನು. ಖಾಯಂ ನೌಕರರ ಸಂಘದಲ್ಲಿ ನಮ್ಮನ್ನು ಸೇರಿಸಿಕೊಳ್ಳುವುದಿಲ್ಲ. ನಾಳೆ ಸಮಿತಿ ಆದರೆ ನಮ್ಮ ಮಾತು ಯಾರು ಹೇಳುತ್ತಾರೆ? ತಪ್ಪಾದರೆ ಮೊದಲು ಮನೆಗೆ ಹೋಗುವವರು ನಾವೇ.

ಮೌಲ್ಯಮಾಪನದವಳು:
ನಿನ್ನ ಮಾತು ನಿಜ ತಮ್ಮಾ. ನಮ್ಮಲ್ಲೂ ರಾತ್ರಿ ಎಂಟರ ತನಕ ಕೂತು ಎಂಟ್ರಿ ಮಾಡಿದವರು ಹೊರಗುತ್ತಿಗೆಯವರೇ. ಮನವಿಯಲ್ಲಿ ಹೀಗೆ ಬರೆಯುತ್ತೇನೆ: ಪರೀಕ್ಷಾ ಕೆಲಸದ ವಿಧಾನ ಬದಲಾಯಿಸುವ ಯಾವ ಪ್ರಸ್ತಾವವೂ ಟೆಂಡರ್‌ಗೆ ಹೋಗುವ ಮೊದಲು ಸಮಿತಿಯ ಮುಂದೆ ಬರಬೇಕು. ಖಾಯಂ ನೌಕರರು ಇಬ್ಬರು, ಹೊರಗುತ್ತಿಗೆಯವರು ಒಬ್ಬರು, ಅವರವರೇ ಆರಿಸಿದವರು. ಅವರ ಅಭಿಪ್ರಾಯ ಬರಹದಲ್ಲಿ ಕಡತದೊಳಗೆ ಇರಬೇಕು. ಸಂಘದವರು ಹೊರಗುತ್ತಿಗೆಯ ಸಾಲು ತೆಗೆಯಿರಿ ಎನ್ನಬಹುದು. ನಾನು ತೆಗೆಯುವುದಿಲ್ಲ.

ಮೇಷ್ಟ್ರೇ, ಇದನ್ನು ಯಾರ ಹೆಸರಿಗೆ ಕೊಡಲಿ?

ನಿವೃತ್ತ ಮೇಷ್ಟ್ರು:
ಕುಲಪತಿಗಳಿಗೆ ಬರೆದು ಕುಲಸಚಿವರ ಮೂಲಕ ಕಳಿಸಿ. ಆವಕ ವಿಭಾಗದಲ್ಲಿ ಸೀಲ್ ಹಾಕಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಮುಂದಿನ ಸಭೆಯ ಅಜೆಂಡಾ ಟೈಪ್ ಆಗುವ ಮೊದಲೇ ತಲುಪಬೇಕು. ಆ ರಿಪೀಟರ್ ಮಕ್ಕಳ ಪಟ್ಟಿಯನ್ನೂ ಲಗತ್ತಿಸಿ, ಹೆಸರು ತೆಗೆದು.