ಮುಂದಿನ ಎಡ ಚಕ್ರದಿಂದ ಟಕ ಟಕ ಸದ್ದು, ಎಸ್ಟಿಮೇಟ್ 21,800 ರೂಪಾಯಿ. ಎಲ್ಲಾ ಬದಲಾಯಿಸಲೇಬೇಕಾ?

ಆಲ್ದೂರು ತೋಟದವ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಸಣ್ಣ ಪೆಟ್ರೋಲ್ ಕಾರು, 82,000 ಕಿ.ಮೀ. ಓಡಿದೆ. ದಿನಾ ಆಲ್ದೂರು ಹತ್ತಿರದ ತೋಟದಿಂದ ಚಿಕ್ಕಮಗಳೂರಿಗೆ ಹೋಗಿ ಬರುತ್ತೇನೆ. ಟಾರ್ ರೋಡ್ ಸೇರುವ ಮುಂಚೆ ಒಂದೂವರೆ ಕಿಲೋಮೀಟರ್ ಕಲ್ಲು ದಾರಿ. ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಎಡ ಚಕ್ರದ ಹತ್ತಿರ ಟಕ ಟಕ ಶುರುವಾಗಿದೆ. ಡಬ್ಬದಲ್ಲಿ ಅಡಿಕೆ ಹಾಕಿ ಅಲ್ಲಾಡಿಸಿದ ಹಾಗಿದೆ ಅಂತ ಅಮ್ಮ ಹೇಳುತ್ತಾರೆ.

ವರ್ಕ್‌ಶಾಪ್‌ನವರು ಒಂದು ರೌಂಡ್ ಓಡಿಸಿ ಬಂದು ಲಿಸ್ಟ್ ಕೊಟ್ಟರು. ಎರಡು ಶಾಕ್ ಅಬ್ಸಾರ್ಬರ್ 7,200, ಮೇಲಿನ ಮೌಂಟ್ 2,400, ಲೋಯರ್ ಆರ್ಮ್ ಎರಡೂ 5,200, ಲಿಂಕ್ ರಾಡ್ 1,900, ಲೇಬರ್ ಮತ್ತು ಅಲೈನ್‌ಮೆಂಟ್ 5,100. ಕಾರನ್ನು ಜಾಕಿ ಮೇಲೆ ಎತ್ತಿ ನೋಡಲೇ ಇಲ್ಲ. ಕಾಫಿ ಕೊಯ್ಲು ಇನ್ನೂ ಶುರುವಾಗಿಲ್ಲ, ಕೈಯಲ್ಲಿ ದುಡ್ಡು ಓಡಾಡುವ ಕಾಲವೂ ಅಲ್ಲ. ಏನು ಮಾಡಲಿ?

ಹಾಸನ ಸ್ಪ್ಯಾನರ್

ದುಡ್ಡು ಈಗಲೇ ಕೊಡಬೇಡಿ ಸರ್. ಎತ್ತಿ ನೋಡದೆ ಬರೆದ ಎಸ್ಟಿಮೇಟ್ ಅಂದರೆ ಸುಮ್ನೆ ಅಂದಾಜು, ಅಷ್ಟೇ. ಮೊದಲು ಸದ್ದು ಯಾವಾಗ ಬರುತ್ತದೆ ಅಂತ ಹಿಡಿಯಿರಿ.

ಹಂಪ್ ಮೇಲೆ ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರುವ ಹಾಗೆ ನಿಧಾನ ಹೋಗಿ. ಆಮೇಲೆ ಎಡ ಚಕ್ರ ಮಾತ್ರ ಗುಂಡಿಗೆ ಇಳಿಯುವ ಹಾಗೆ ಹೋಗಿ. ಎರಡನೇ ಸಲ ಮಾತ್ರ ಟಕ ಟಕ ಬಂದರೆ ನನ್ನ ಅನುಮಾನ ಲಿಂಕ್ ರಾಡ್ ಮೇಲೆ. ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್‌ನ ತುದಿಯಲ್ಲಿ ಕೂರುವ ಸಣ್ಣ ರಾಡ್ ಅದು. ಎರಡೂ ಚಕ್ರ ಒಟ್ಟಿಗೆ ಏರಿ ಇಳಿದರೆ ಬಾರ್‌ಗೆ ಕೆಲಸವೇ ಇಲ್ಲ, ಅದಕ್ಕೇ ಸದ್ದೂ ಇಲ್ಲ. ಒಂದೇ ಚಕ್ರ ಇಳಿದಾಗ ಬಾರ್ ತಿರುಚಿಕೊಳ್ಳುತ್ತದೆ, ಸವೆದ ಜಾಯಿಂಟ್ ಬಡಿದುಕೊಳ್ಳುತ್ತದೆ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂದರೆ ಶಾಕ್‌ನ ಮೇಲ್ತುದಿ ಕೂರುವ ಮೌಂಟ್ ಅಥವಾ ಅದರ ಬೇರಿಂಗ್. ಬ್ರೇಕ್ ಒತ್ತಿದಾಗ ಒಂದೇ ಸಲ 'ದಡ್' ಅಂದರೆ ಲೋಯರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಕೆಳಗಿನಿಂದ ಕಾರಿಗೆ ಹಿಡಿದಿಡುವ ಆರ್ಮ್‌ನ ಬುಡದಲ್ಲಿರುವ ರಬ್ಬರ್. ಪೂರ್ತಿ ತಿರುಗಿಸಿಕೊಂಡು ಮುಂದೆ ಹೋಗುವಾಗ ಕಟಕಟ ಅಂದರೆ ಅದು ಸಸ್ಪೆನ್ಶನ್ನೇ ಅಲ್ಲ, ಆಕ್ಸಲ್‌ನ ಹೊರಗಿನ ಜಾಯಿಂಟ್.

ಇನ್ನೊಂದು. ಸ್ಪೇರ್ ಪಾರ್ಟ್ಸ್‌ಗೆ ಜಿಎಸ್‌ಟಿ ಎಷ್ಟು ಹಾಕಿದ್ದಾರೆ ನೋಡಿ. 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ಅದಕ್ಕೂ ಮುಂಚೆ ಹೆಚ್ಚಿನವಕ್ಕೆ 28% ಇತ್ತು.

ಮೂಡಿಗೆರೆ ಮಳೆ

ಮಾರಾಯ್ರೇ, ಶಾಕ್ ಹೋಗಿದೆಯಾ ಅಂತ ಬಾನೆಟ್ ಒತ್ತಿ ಬಿಟ್ಟು ನೋಡಿ. ಎರಡು ಮೂರು ಸಲ ಕುಣಿದರೆ ಹೋಗಿದೆ ಅಂತ ಲೆಕ್ಕ. ನಾನು ಚಾರ್ಮಾಡಿ ಇಳಿಯುವಾಗ ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ತಾಗುವ ಹಾಗೆ ಬಗ್ಗುತ್ತಿತ್ತು. ಎರಡೂ ಶಾಕ್ ಹಾಕಿಸಿದ ಮೇಲೆ ಸರಿಹೋಯಿತು.

ಹಾಸನ ಸ್ಪ್ಯಾನರ್

ಒತ್ತಿ ನೋಡಿದರೆ ಪೂರ್ತಿ ಸತ್ತ ಶಾಕ್ ಮಾತ್ರ ಗೊತ್ತಾಗುತ್ತದೆ, ಅರ್ಧ ಸವೆದದ್ದು ಪಾಸ್ ಆಗಿಬಿಡುತ್ತದೆ. ಚಕ್ರದ ಒಳಗೆ ಟಾರ್ಚ್ ಹಾಕಿ ಶಾಕ್ ಮೈ ನೋಡಿ. ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆ ಪಸೆ, ಅದರ ಮೇಲೆ ಧೂಳು ಇದ್ದರೆ ಹೆದರಬೇಡಿ. ಕೆಳಗಿನವರೆಗೆ ಒದ್ದೆಯಾಗಿ ಎಣ್ಣೆ ಇಳಿದಿದ್ದರೆ ಹೋಗಿದೆ. ಟೈರ್ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ತಗ್ಗು ಉಬ್ಬು ಸಿಕ್ಕಿದರೂ ಶಾಕ್ ಮೇಲೇ ಅನುಮಾನ. ಹಾಕಿಸುವುದಾದರೆ ಎಡ ಬಲ ಎರಡೂ ಒಟ್ಟಿಗೆ, ಮೂಡಿಗೆರೆಯವರು ಮಾಡಿದ್ದು ಸರಿ.

ಆಲ್ದೂರು ತೋಟದವ

ನೋಡಿದೆ ಸರ್. ಹಂಪ್ ಮೇಲೆ ನೇರ ಹೋದರೆ ಸದ್ದಿಲ್ಲ. ನಮ್ಮ ಗೇಟಿನ ಹತ್ತಿರ ಎಡ ಚಕ್ರ ಮಾತ್ರ ಇಳಿಯುವ ಮೋರಿ ಇದೆ, ಅಲ್ಲಿ ಟಕ ಟಕ ಟಕ. ಶಾಕ್ ಒಣಗಿದೆ. ಎಡ ಲಿಂಕ್ ರಾಡ್‌ನ ಕೆಳಗಿನ ರಬ್ಬರ್ ಟೋಪಿ ಹರಿದು ಗ್ರೀಸ್ ಬದಲು ಕೆಮ್ಮಣ್ಣು ತುಂಬಿಕೊಂಡಿದೆ. ಆದರೆ ಬ್ರೇಕ್ ಒತ್ತಿದಾಗ ಸಣ್ಣಗೆ ಒಂದು 'ದಡ್' ಕೂಡ ಇದೆ. ಟೈರಿನ ಒಳ ಅಂಚೂ ಸವೆದಿದೆ.

ಹಾಸನ ಸ್ಪ್ಯಾನರ್

ಹಾಗಾದರೆ ಎರಡು ಕಾಯಿಲೆ, ಟಕ ಟಕ ಲಿಂಕ್ ರಾಡ್‌ದು, 'ದಡ್' ಲೋಯರ್ ಆರ್ಮ್‌ದು. ಲಿಂಕ್ ರಾಡ್ ಜೋಡಿ ಹಾಕಿಸಿ, ಅರ್ಧ ಗಂಟೆ ಕೆಲಸ. ಅದರಿಂದ ತಕ್ಷಣ ಅಪಾಯವೇನಿಲ್ಲ, ಕಿವಿಗೆ ಕಾಟ ಅಷ್ಟೇ. ಆದರೆ ಲೋಯರ್ ಆರ್ಮ್ ಚಕ್ರಕ್ಕೆ ಸೇರುವ ತುದಿಯ ಬಾಲ್ ಜಾಯಿಂಟ್ ಮಾತ್ರ ಮುಂದಕ್ಕೆ ಹಾಕುವ ವಿಷಯ ಅಲ್ಲ. ಅದು ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ, ಘಾಟಿಯಲ್ಲಿ ಆದರೆ ಕಥೆ ಮುಗೀತು.

ಮೆಕ್ಯಾನಿಕ್ ಕಾರನ್ನು ಎತ್ತಿ ಸ್ಟ್ಯಾಂಡ್ ಕೊಟ್ಟ ಮೇಲೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಲಿ. ಪ್ಲೇ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಪ್ಲೇ ಇದ್ದರೆ ಸ್ಟೀರಿಂಗ್‌ನ ಟೈ ರಾಡ್ ತುದಿ. ಬಾಲ್ ಜಾಯಿಂಟ್ ಗಟ್ಟಿ ಇದ್ದು ಬುಷ್ ಮಾತ್ರ ಬಿರುಕು ಬಿಟ್ಟಿದ್ದರೆ ಇಡೀ ಆರ್ಮ್ ಬೇಡ, ಹೊಸ ಬುಷ್ ಒತ್ತಿ ಕೂರಿಸಿದರೆ (ಪ್ರೆಸ್ ಮಾಡಿಸಿದರೆ) ಸಾಕು. ಕೆಲವು ಕಾರಿಗೆ ಕಂಪನಿ ಕೌಂಟರಿನಲ್ಲಿ ಬುಷ್ ಬೇರೆ ಸಿಗುವುದಿಲ್ಲ, ಹೊರಗಿನ ಅಂಗಡಿಯಲ್ಲಿ ವಿಚಾರಿಸಿ. ಮನೆಯಲ್ಲಿ ನೀವೇ ನೋಡಲು ಹೋದರೆ ಜಾಕಿ ಒಂದನ್ನೇ ನಂಬಿ ಕಾರಿನಡಿ ತಲೆ ಹಾಕಬೇಡಿ.

ಒಂದು ಮಾತು ಮರೆಯಬೇಡಿ. ಬುಷ್ ಹಾಕಿದ ಮೇಲೆ ಬೋಲ್ಟ್ ಕೊನೆಯ ಟೈಟ್ ಕೊಡಬೇಕಾದ್ದು ಚಕ್ರ ನೆಲಕ್ಕೆ ಇಳಿದ ಮೇಲೆ. ಕಾರು ಮೇಲಿದ್ದಾಗಲೇ ಬಿಗಿದುಬಿಟ್ಟರೆ ಆರ್ಮ್ ಜೋತುಬಿದ್ದ ಸ್ಥಿತಿಯಲ್ಲೇ ರಬ್ಬರ್ ಸಿಕ್ಕಿಕೊಳ್ಳುತ್ತದೆ. ಇಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನಾನು ಒಮ್ಮೆ ಹಾಗೆ ಹೊಸ ಬುಷ್ ಕಳಕೊಂಡಿದ್ದೇನೆ. ಬೈದದ್ದು ಬುಷ್ ಕಂಪನಿಗೆ, ತಪ್ಪು ನನ್ನದೇ.

ಆಲ್ದೂರು ತೋಟದವ

ಕೆಲಸ ಆಯಿತು. ಬೇಲೂರು ಮೇಲೆ ಹಾಸನಕ್ಕೇ ಹೋಗಿ ಬಂದೆ. ಬಾಲ್ ಜಾಯಿಂಟ್ ಗಟ್ಟಿ ಇತ್ತು. ಎಡ ಬುಷ್ ಬೆರಳು ಹಾಕಿ ತೋರಿಸಿದರು, ರಬ್ಬರ್ ಅರ್ಧ ವೃತ್ತ ಬಿಟ್ಟುಕೊಂಡಿತ್ತು. ಲಿಂಕ್ ರಾಡ್ ಜೋಡಿ 1,500, ಅದರ ಲೇಬರ್ 500. ಎರಡೂ ಕಡೆ ಬುಷ್ 1,100, ಬಿಚ್ಚಿ ಪ್ರೆಸ್ ಮಾಡಿ ಹಾಕಿದ್ದಕ್ಕೆ 1,400. ಅಲೈನ್‌ಮೆಂಟ್ 600. ಒಟ್ಟು 5,100. ಹುಡುಗ ಕಾರು ಮೇಲಿದ್ದಾಗಲೇ ಬೋಲ್ಟ್ ಬಿಗಿಯಲು ಹೊರಟಿದ್ದ. ನಾನು ನೆಲದ ಮಾತು ಎತ್ತಿದೆ. ಮೇಸ್ತ್ರಿ ನನ್ನ ಮುಖ ನೋಡಿ, 'ಇದು ನಿಮಗೆ ಯಾರು ಹೇಳಿದ್ದು?' ಅಂದರು. ಮೋರಿ ಹತ್ತಿರ ಈಗ ಸದ್ದಿಲ್ಲ.

ಕಡೂರು ಬಯಲು

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕಾರಿನಲ್ಲಿ 60 ದಾಟಿದರೆ 'ಗುಂಯ್' ಅಂತ ಸದ್ದು, ಸ್ಪೀಡ್ ಏರಿದ ಹಾಗೆ ಜಾಸ್ತಿ. ಇದೂ ಶಾಕ್ ತೊಂದರೆನಾ?

ಹಾಸನ ಸ್ಪ್ಯಾನರ್

ಅಲ್ಲ ಸರ್, ವೀಲ್ ಬೇರಿಂಗ್ ಇರಬೇಕು. ಖಾಲಿ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ ನಿಧಾನಕ್ಕೆ ಎಡಕ್ಕೆ ಬಲಕ್ಕೆ ಎಳೆದು ನೋಡಿ. ಬಲಕ್ಕೆ ಎಳೆದಾಗ ಭಾರ ಎಡ ಚಕ್ರಕ್ಕೆ ಹೋಗುತ್ತದೆ, ಆಗ ಸದ್ದು ಏರಿದರೆ ಎಡ ಬೇರಿಂಗ್. ಹೇಗೆ ಎಳೆದರೂ ಸದ್ದು ಒಂದೇ ಸಮ ಇದ್ದರೆ ಟೈರ್ ನೋಡಿಸಿ.