ಯಕ್ಷಗಾನ ಆಟದ ಫೋಟೊಗೆ ಜೇಬಿನ ಕ್ಯಾಮೆರಾ ಸಾಕಾ, ಲೆನ್ಸ್ ಬದಲಿಸುವುದೇ ಬೇಕಾ?

ಹೊಳೆಸಾಲಿನ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದ ಕಡೆಯವನು. 31 ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ. ಮನೆಯಲ್ಲಿದ್ದೇನೆ ಅನ್ನುವುದು ಹಗಲಿನ ಮಾತು. ನವೆಂಬರಿನಿಂದ ಮೇ ತನಕ ಸುತ್ತಮುತ್ತ ಎಲ್ಲೇ ಆಟ ಇದ್ದರೂ ರಾತ್ರಿ ನನ್ನ ಸ್ಕೂಟರ್ ಆ ಬಯಲಿನಲ್ಲೇ ನಿಂತಿರುತ್ತದೆ.

ಫೋಟೊ ತೆಗೆಯುವ ಹುಚ್ಚು ಹಿಡಿದು ಮೂರು ವರ್ಷವಾಯಿತು. ಎಲ್ಲ ಮೊಬೈಲಿನಲ್ಲೇ. ವೇಷ ಕಟ್ಟುವ ಚೌಕಿಯಲ್ಲಿ ತೆಗೆದದ್ದು ಚೆನ್ನಾಗಿಯೇ ಬರುತ್ತದೆ. ಕನ್ನಡಿ ಹಿಡಿದು ಹುಬ್ಬು ತೀಡುವವರು, ಅರ್ಧ ಬಣ್ಣದಲ್ಲಿ ಚಹಾ ಕುಡಿಯುವವರು, ಇವೆಲ್ಲ ಸಿಕ್ಕಿವೆ. ರಂಗಸ್ಥಳದ್ದು ಮಾತ್ರ ಪೂರ್ತಿ ಹಾಳು. ಹೋದ ತಿಂಗಳು ಒಂದು ಕೌರವನ ವೇಷ ಬಹಳ ಒಳ್ಳೆಯದಿತ್ತು. ಮನೆಗೆ ಬಂದು ನೋಡಿದರೆ ಕಿರೀಟ ಒಂದು ಬಿಳಿ ಉಂಡೆ, ಮುಖಕ್ಕೆ ಯಾರೋ ಕುಂಕುಮ ಎರಚಿದ ಹಾಗೆ. ಗದೆ ಹಿಡಿದ ಕೈ ಒಂದಲ್ಲ, ಮೂರು ಕಾಣುತ್ತಿತ್ತು. ನನ್ನ ಹೆಂಡತಿ "ಇದು ಕೌರವನೋ ರಾವಣನೋ" ಎಂದು ಕೇಳಿದಳು.

ಮಗ ಕ್ಯಾಮೆರಾ ಕೊಡಿಸುತ್ತೇನೆ ಅಂದಿದ್ದಾನೆ. ಒಂದು ಲಕ್ಷದ ಸುತ್ತಮುತ್ತ, ಸ್ವಲ್ಪ ಆಚೀಚೆ ಆದರೂ ಅಡ್ಡಿಯಿಲ್ಲವಂತೆ. ಅವನೇ ಎರಡು ಹೆಸರು ಕಳಿಸಿದ್ದಾನೆ. ಒಂದು ಸೋನಿ ಆರ್‌ಎಕ್ಸ್100-7, ಜೇಬಿಗೆ ಹಿಡಿಸುವಂಥದ್ದು. ಇನ್ನೊಂದು ಕ್ಯಾನನ್ ಆರ್50, ಲೆನ್ಸ್ ಬದಲಿಸುವಂಥದ್ದು. ನನ್ನ ಮನಸ್ಸು ಚಿಕ್ಕದರ ಕಡೆ ಇದೆ. ಕವಳದ (ಎಲೆಯಡಿಕೆಯ) ಸಂಚಿಯ ಜೊತೆ ಅದೂ ಒಂದು ಜೇಬಿನಲ್ಲಿ ಇದ್ದುಬಿಡುತ್ತದೆ. ದೊಡ್ಡ ಚೀಲ ಹೊತ್ತು ಹೋದರೆ ಊರವರು "ಮಾಸ್ತರರು ಸ್ಟುಡಿಯೊ ಹಾಕಿದರೇನೋ" ಅಂತಾರೆ, ಅದು ಬೇರೆ. ಫ್ಲಾಶ್ ಹಾಕುವುದಿಲ್ಲ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ.

ಯಾವುದು ತಗೊಳ್ಳಲಿ?

ತುಂಗಾ ತೀರ

ಸರ್, ಮದುವೆ ಫೋಟೊ ತೆಗೆಯುತ್ತಾ 18 ವರ್ಷ ಆಯ್ತು, ಶಿವಮೊಗ್ಗದಲ್ಲಿ. ಕಣ್ಣು ಮುಚ್ಚಿಕೊಂಡು ಆರ್50 ತಗೊಳ್ಳಿ. ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು, ರಾತ್ರಿ ಹೊತ್ತು ಅದೇ ಮುಖ್ಯ. 18-45 ಎಂಎಂ, ದೂರದ್ದನ್ನು ಎಳೆಯುವ 55-210 ಎಂಎಂ ಎರಡೂ ಲೆನ್ಸ್ ಇರುವ ಕಿಟ್ ತಗೊಂಡರೆ ಹಿಂದಿನ ಸಾಲಿನಿಂದಲೂ ಮುಖ ಸಿಗುತ್ತೆ. ಜೇಬಿನ ಕ್ಯಾಮೆರಾ ಎಲ್ಲ ಟೂರಿಗೆ ಸರಿ.

ಚೆಂಡೆ ಸದ್ದು

ಮಾಸ್ತರೇ, ನಾನು ಮಂಗಳೂರಿನವಳು. ನೀವು ಕೇಳಿದ ಎರಡೂ ಕ್ಯಾಮೆರಾ ನನ್ನ ಹತ್ತಿರ ಉಂಟು. ದುಡ್ಡು ಜಾಸ್ತಿಯಾಗಿ ಅಲ್ಲ, ಮೊದಲನೆಯದು ತಗೊಂಡು ತಪ್ಪು ಮಾಡಿದೆ ಅಂತ ಗೊತ್ತಾಗಲು ಮೂರು ವರ್ಷ ಬೇಕಾಯಿತು. ಅಪ್ಪನ ಜೊತೆ ಆಟಕ್ಕೆ ಹೋಗುವವಳು, ನಮ್ಮದು ತೆಂಕುತಿಟ್ಟು, ಯಕ್ಷಗಾನದ ದಕ್ಷಿಣದ ಶೈಲಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ತುಂಗಾ ತೀರ ಅವರು ಹೇಳಿದ ಮಾತು ಅರ್ಧ ಸರಿ. ಸೆನ್ಸರ್ ದೊಡ್ಡದು, ಹೌದು. ಆದರೆ ಅವರು ಹೇಳಿದ ಆ 55-210 ಹಾಕಿದರೆ ದೊಡ್ಡ ಸೆನ್ಸರಿನ ಲಾಭವನ್ನು ಆ ಲೆನ್ಸೇ ತಿಂದು ಹಾಕುತ್ತದೆ. ಲೆಕ್ಕ ನೋಡಿ. ಆರ್‌ಎಕ್ಸ್100ರದ್ದು "ಒಂದು ಇಂಚು" ಸೆನ್ಸರ್. ಹೆಸರು ಮಾತ್ರ ಒಂದು ಇಂಚು, ಅಳತೆ 13.2 ಮಿಮೀ ಅಗಲ, 8.8 ಮಿಮೀ ಎತ್ತರ. ಹಳೇ ವಿಡಿಯೊ ಟ್ಯೂಬಿನ ಕಾಲದಿಂದ ಉಳಿದುಬಂದ ಹೆಸರು ಅದು. ಆರ್50ಯದ್ದು 22.3 ಅಗಲ, 14.9 ಎತ್ತರ. ಗುಣಿಸಿದರೆ ಸುಮಾರು 2.9 ಪಟ್ಟು ದೊಡ್ಡದು. ಇನ್ನು ಲೆನ್ಸು. ಪೂರ್ತಿ ಜೂಮ್ ಎಳೆದಾಗ ಸೋನಿಯ ಲೆನ್ಸ್ ಎಫ್ 4.5, ಕ್ಯಾನನ್‌ನ 55-210 ಎಫ್ 7.1. ಈ ನಂಬರ್ ಜಾಸ್ತಿಯಾದಷ್ಟೂ ಕಿಂಡಿ ಚಿಕ್ಕದು. 7.1ರಲ್ಲಿ ಒಳಗೆ ಬರುವ ಬೆಳಕು 4.5ಕ್ಕಿಂತ ಎರಡೂವರೆ ಪಟ್ಟು ಕಡಿಮೆ. ಮೂರು ಪಟ್ಟು ದೊಡ್ಡ ಬಾನಿ ಇಟ್ಟು, ನಲ್ಲಿಯನ್ನು ಎರಡೂವರೆ ಪಟ್ಟು ಸಣ್ಣ ಮಾಡಿದ ಹಾಗೆ. ಹತ್ತಿರ ಹತ್ತಿರ ಸಮ ಆಯ್ತಲ್ವಾ? ಕ್ಯಾನನ್ ಇನ್ನೂ ಸ್ವಲ್ಪ ದೂರದ್ದನ್ನು ಎಳೆಯುತ್ತದೆ, ನಿಜ. ಆದರೆ ರಾತ್ರಿಯ ಫೋಟೊ ಚಂದ ಬರುವುದು ಅದರಿಂದ ಅಲ್ಲ.

ಹಾಗಾದರೆ ಜೇಬಿನದ್ದೇ ಸಾಕಾ? ಅಲ್ಲ. ನಿಮ್ಮ ಪತ್ರದಲ್ಲೇ ಉತ್ತರ ಉಂಟು. ಚೌಕಿಯ ಫೋಟೊ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಅಂದರೆ ಜೇಬಿನ ಕ್ಯಾಮೆರಾ ನಿಮ್ಮ ಹತ್ತಿರ ಆಗಲೇ ಇದೆ. ಅದು ಮಾಡದ ಒಂದೇ ಒಂದು ಕೆಲಸಕ್ಕೆ ಈಗ ದುಡ್ಡು ಹಾಕಬೇಕು.

ಆ ಕೆಲಸಕ್ಕೆ ಬೇಕಾದದ್ದು ದೊಡ್ಡ ಕಿಂಡಿಯ ಲೆನ್ಸು. ಕ್ಯಾನನ್‌ಗೆ ಆರ್‌ಎಫ್ 50 ಎಂಎಂ ಎಫ್ 1.8 ಅಂತ ಒಂದು ಬರುತ್ತದೆ. ಜೂಮ್ ಇಲ್ಲ. 160 ಗ್ರಾಂ, ಎರಡು ಮೂರು ಮೋಸಂಬಿ ಸೇರಿಸಿದಷ್ಟು ಗಾತ್ರವೂ ಇಲ್ಲ. ಆರ್‌ಎಕ್ಸ್100ರಲ್ಲಿ ಅಷ್ಟೇ ಹತ್ತಿರಕ್ಕೆ ಎಳೆದರೆ ಕಿಂಡಿ ಎಫ್ 4ರ ಆಸುಪಾಸಿಗೆ ಬಂದಿರುತ್ತದೆ. ನಾನು ಅದರಲ್ಲಿ ಐಎಸ್‌ಒ 6400 ಇಟ್ಟು ತೆಗೆಯುತ್ತಿದ್ದ ಜಾಗದಲ್ಲಿ ಇದರಲ್ಲಿ 1250 ಸಾಕು; ಈ ನಂಬರ್ ಏರಿದಷ್ಟೂ ಫೋಟೊ ಕಾಳುಕಾಳಾಗುತ್ತದೆ. ಅದರ ಮೇಲೆ ಸೆನ್ಸರ್ ದೊಡ್ಡದಿರುವ ಲಾಭ. ಮೊದಲ ಸಲ ಹಾಕಿ ತೆಗೆದ ಫೋಟೊ ಒಂದು ಬಣ್ಣದ ವೇಷದ್ದು, ಅಂದರೆ ರಾಕ್ಷಸ ಪಾತ್ರದ್ದು. ಮುಖಕ್ಕೆ ಇಡುವ ಚುಟ್ಟಿಯ ಅಕ್ಕಿ ಹಿಟ್ಟಿನ ಮುಳ್ಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅಪ್ಪ ಕನ್ನಡಕ ಮೇಲೆ ಸರಿಸಿ ನೋಡಿ, "ಇಲ್ಲಿ ಒಂದು ಉದುರಿದೆ" ಅಂದರು. ನಾಲ್ಕು ದಶಕ ಆಟ ನೋಡಿದವರಿಗೆ ಅದು ಆವತ್ತು ಕಂಡದ್ದು!

ಮೂರು ಸಂಗತಿ ಹೇಳಿಬಿಡುತ್ತೇನೆ, ಇದನ್ನು ಅಂಗಡಿಯವರು ಹೇಳುವುದಿಲ್ಲ.

ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಇವೆಲ್ಲ ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ ತೀರಾ ವೇಗ ಇಟ್ಟರೆ ಫೋಟೊದಲ್ಲಿ ಅಡ್ಡ ಪಟ್ಟೆ ಬರುತ್ತದೆ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರಂತೂ ಇನ್ನೂ ಜಾಸ್ತಿ. ಸೆಕೆಂಡಿನ 1/100 ಇಟ್ಟರೆ ಪಟ್ಟೆ ಹೋಗುತ್ತದೆ. ಆದರೆ 1/100ರಲ್ಲಿ ಮಂಡಿ ಹಾಕಿ ಸುತ್ತುವಾಗ ತೆಗೆದರೆ ವೇಷದ ಕಸೆ ಸೀರೆಯೆಲ್ಲ ಕಲಸಿಹೋಗುತ್ತದೆ. ಇಲ್ಲಿ ನಿಮಗೆ ನನಗಿಂತ ಜಾಸ್ತಿ ಅನುಕೂಲ ಉಂಟು. ಚೆಂಡೆಯ ಪೆಟ್ಟು ನಿಮಗೆ ಗೊತ್ತು. ಮುಕ್ತಾಯಕ್ಕೆ ಬಂದು ವೇಷ ಒಂದು ಗಳಿಗೆ ನಿಲ್ಲುತ್ತದಲ್ಲ, ಅರ್ಧ ಉಸಿರಿನಷ್ಟು ಹೊತ್ತು? ಅಲ್ಲಿ ಒತ್ತಿ. ತಾಳ ಗೊತ್ತಿಲ್ಲದವನಿಗೆ ಎಷ್ಟು ಲಕ್ಷದ ಕ್ಯಾಮೆರಾ ಕೊಟ್ಟರೂ ಆ ಜಾಗ ಸಿಗುವುದಿಲ್ಲ.

ಎರಡನೆಯದು ಕಿರೀಟದ ಬಿಳಿ ಉಂಡೆ. ಹಿಂದಿನ ಬಯಲು ಕತ್ತಲೆ, ಕ್ಯಾಮೆರಾ ಅದನ್ನು ನೋಡಿ ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಎಕ್ಸ್‌ಪೋಷರ್ ಅಂತ ಒಂದು ಗುಂಡಿ ಇರುತ್ತದೆ, ಮೈನಸ್ ಒಂದಕ್ಕೆ ಇಳಿಸಿ. ಮೊಬೈಲಿನಲ್ಲೂ ಇದು ಮಾಡಬಹುದು, ಇವತ್ತೇ ಮಾಡಿ ನೋಡಿ.

ಮೂರನೆಯದು, ಆರ್50ಯ ಬಾಡಿಯಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಇಲ್ಲ, ಆ 50ರ ಲೆನ್ಸಿನಲ್ಲೂ ಇಲ್ಲ. ಸೋನಿಯಲ್ಲಿ ಉಂಟು. ಹಾಗಾಗಿ ಕ್ಯಾನನ್ ಹಿಡಿದಾಗ ಮೊಣಕೈ ಎದೆಗೆ ಒತ್ತಿಕೊಂಡು ಕಣ್ಣಿಗೆ ಹಿಡಿದು ತೆಗೆಯಬೇಕು. ಕ್ಯಾಮೆರಾದ ಹಿಂದಿನ ಪರದೆ ನೋಡಿ ತೆಗೆದರೆ ಹಿಂದೆ ಕೂತವರೂ ಬೈಯುತ್ತಾರೆ, ಕತ್ತಲಲ್ಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ.

ಜೇಬಿನ ಮಾತು: ಆರ್‌ಎಕ್ಸ್100 ಚಿಕ್ಕದೇ, ಆದರೆ 302 ಗ್ರಾಂ. ಅಂಗಿಯ ಜೇಬಿಗೆ ಹಾಕಿದರೆ ಜೇಬು ಹೊಟ್ಟೆಯ ತನಕ ಜೋತು ಬೀಳುತ್ತದೆ. ಕವಳದ ಸಂಚಿಯ ಜೊತೆ ಇಡುವ ಯೋಚನೆ ಬಿಡಿ, ಸುಣ್ಣದ ಡಬ್ಬಿ ತೆರೆದುಕೊಂಡರೆ ಗತಿಯೇನು ಮಾರಾಯ್ರೇ!

ತುಂಗಾ ತೀರ

ಮೇಡಂ ಹೇಳಿದ್ದು ಒಪ್ಪಿದೆ. ಮದುವೆಯಲ್ಲಿ ನನ್ನ ಹತ್ತಿರ ದೊಡ್ಡ ಲೈಟ್ ಇರುತ್ತೆ, ಅದಕ್ಕೆ ಎಫ್ 7.1 ಅನ್ನೋದು ತಲೆಗೆ ಬರಲಿಲ್ಲ. 55-210 ಬಿಡಿ. ಆದರೆ 18-45 ಬಿಡಬೇಡಿ, ಮನೆ ಮಕ್ಕಳು ಮೊಮ್ಮಕ್ಕಳು ಅಂತ ಬೇಕಾಗುತ್ತೆ.

ಕುಂದಾಪ್ರದ ಮಳೆ

ಕ್ಯಾಮೆರಾ ಯಾವುದಾದರೂ ತಗೊಳ್ಳಿ, ಫಂಗಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಮೀ ಮೀರಿ ಮಳೆ. ಆಟ ಇರುವುದು ಮಳೆ ಇಲ್ಲದ ಕಾಲದಲ್ಲಿ. ಮೇ ಕೊನೆಯ ಪತ್ತನಾಜೆ (ಆಟಗಳು ಮುಗಿಯುವ ದಿನ) ಕಳೆದ ಮೇಲೆ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ದೀಪಾವಳಿಗೆ ತೆಗೆಯುತ್ತೀರಿ. ಅಷ್ಟು ಹೊತ್ತಿಗೆ ಲೆನ್ಸಿನೊಳಗೆ ಜೇಡರ ಬಲೆ ಕಟ್ಟಿದ ಹಾಗೆ ಬೂಷ್ಟು.

ನನ್ನದು ಒಂದು ಜೇಬಿನ ಕ್ಯಾಮೆರಾ ಹಾಗೇ ಹೋಯಿತು. ಅದಕ್ಕೆ ಮೊದಲು ಗೋಕರ್ಣದ ಕಡಲ ಬದಿಯಲ್ಲಿ ಒಂದು ಕಾಳು ಮರಳು ಹೊಕ್ಕು, ಲೆನ್ಸ್ ಅರ್ಧ ಹೊರಗೆ ಬಂದು ಕಿರ್ರ್ ಅಂತ ನಿಂತಿತ್ತು. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನೊಂದು ಹಳೆಯ ಕ್ಯಾಮೆರಾ ಬರುತ್ತಿತ್ತು. ಜೇಬಿನದ್ದರಲ್ಲಿ ಲೆನ್ಸು ಬಾಡಿ ಎಲ್ಲ ಒಂದೇ ಗಂಟು, ಏನಾದರೂ ಆದರೆ ಪೂರ್ತಿ ಬಿಚ್ಚಬೇಕು. ಬದಲಿಸುವುದರಲ್ಲಿ ಲೆನ್ಸ್ ಕೆಟ್ಟರೆ ಲೆನ್ಸ್ ಮಾತ್ರ ಹೋಗುತ್ತದೆ. ಸೆನ್ಸರ್ ಮೇಲೆ ಧೂಳು ಕೂತರೆ ರಬ್ಬರ್ ಬ್ಲೋವರಿನಲ್ಲಿ ಊದಿದರೆ ಮುಗಿಯಿತು. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ.

ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಅಡುಗೆ ಮನೆಯದ್ದೇ ಸಾಕು. ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶದ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. 60 ದಾಟಿತೋ, ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿಯಲ್ಲಿ ಹೂತಿಡುವ ಬುದ್ಧಿ ಯಾರಾದರೂ ಹೇಳಿದರೆ ಕೇಳಬೇಡಿ, ಅಕ್ಕಿಯ ಪುಡಿ ಸಂದಿಗೆಲ್ಲ ಸೇರುತ್ತದೆ. ಚರ್ಮದ ಕವರಿನಲ್ಲಿ ಇಡಲೇಬೇಡಿ.

ಹೊಳೆಸಾಲಿನ ಮಾಸ್ತರ

ಎಷ್ಟು ಹೊತ್ತು ಕೂತು ಬರೆದಿದ್ದೀರಿ ಎಲ್ಲರೂ. ಬಾನಿ ನಲ್ಲಿಯ ಲೆಕ್ಕ ಶಾಲೆಯಲ್ಲಿದ್ದಾಗ ಸಿಕ್ಕಿದ್ದರೆ ಮಕ್ಕಳಿಗೆ ಹೇಳುತ್ತಿದ್ದೆ.

ಮೈನಸ್ ಒಂದು ನಿನ್ನೆಯೇ ಮೊಬೈಲಿನಲ್ಲಿ ಮಾಡಿದೆ. ಕಿರೀಟದ ಕನ್ನಡಿ ಚೂರು ಕಂಡವು! ಕೈ ಮಾತ್ರ ಇನ್ನೂ ಎರಡಿವೆ. ಮೂರರಿಂದ ಇಳಿದದ್ದು.

ತಂಗೀ, ಒಂದು ಸಂಶಯ. ಜೂಮ್ ಇಲ್ಲದ ಲೆನ್ಸ್ ಅಂದಿರಿ. ನಾನು ಕೂತಲ್ಲಿಂದ ವೇಷ ಪೂರ್ತಿ ಹಿಡಿಸುತ್ತದಾ, ಇಲ್ಲ ಕಿರೀಟ ತುಂಡಾಗುತ್ತದಾ? ಎದ್ದು ಹಿಂದೆ ಮುಂದೆ ಹೋಗಲು ಆಗುವುದಿಲ್ಲ, ಮುಂದಿನ ಚಾಪೆಯಲ್ಲಿ ಮಕ್ಕಳು ಮಲಗಿರುತ್ತಾರೆ.

ಚೆಂಡೆ ಸದ್ದು

ಒಳ್ಳೆಯ ಪ್ರಶ್ನೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಆರು ಮೀಟರ್ ದೂರದಿಂದ 2.7 ಮೀಟರ್ ಎತ್ತರ, 1.8 ಮೀಟರ್ ಅಗಲದಷ್ಟು ಜಾಗ ಹಿಡಿಸುತ್ತದೆ. ಕಿರೀಟ ಸೇರಿ ಏಳು ಅಡಿ ಅಂದುಕೊಳ್ಳಿ, ಮೇಲೆ ಕೆಳಗೆ ಒಂದೊಂದು ಗೇಣು ಬಿಟ್ಟು ಕೂರುತ್ತದೆ. ಕೈ ಪೂರ್ತಿ ಚಾಚಿದರೆ ಬೆರಳ ತುದಿ ಹೋಗಬಹುದು, ಆಗ ಅಡ್ಡ ಹಿಡಿದು ಸೊಂಟದ ಮೇಲಿನದ್ದು ತೆಗೆಯಿರಿ. ನಾಲ್ಕು ಮೀಟರ್ ಆದರೆ ಪೂರ್ತಿ ವೇಷ ಆಗುವುದಿಲ್ಲ. ಹತ್ತು ಮೀಟರ್ ಆದರೆ ವೇಷ ಚಿಕ್ಕದು, ಆದರೆ 24 ಮೆಗಾಪಿಕ್ಸೆಲ್ ಉಂಟು, ಕತ್ತರಿಸಿಕೊಳ್ಳಬಹುದು. ತಗೊಳ್ಳುವ ಮೊದಲು ಒಂದು ಸಲ ಆಟ ಶುರುವಾಗುವ ಮುಂಚೆ ಹೋಗಿ ನಿಮ್ಮ ಜಾಗದಿಂದ ರಂಗಸ್ಥಳಕ್ಕೆ ಹೆಜ್ಜೆ ಎಣಿಸಿ.

ಹೊಳೆಸಾಲಿನ ಮಾಸ್ತರ

ಎಣಿಸಿದೆ. ಎಂಟು ಹೆಜ್ಜೆ, ನನ್ನ ಹೆಜ್ಜೆ ಚಿಕ್ಕದು, ಐದೂವರೆ ಮೀಟರ್ ಇರಬಹುದು. ಭಾಗವತರು ಮೇಲಿನಿಂದ ನೋಡಿ "ಏನು ಮಾಸ್ತರೇ, ಜಾಗ ಅಳೆಯುತ್ತಿದ್ದೀರಿ, ಖರೀದಿ ಉಂಟೋ" ಎಂದು ಕೇಳಿದರು. ಖರೀದಿ ಹೌದು ಅಂದೆ.

ಮಗನಿಗೆ ಆರ್50, 18-45, ಆ 50 ಎಂಎಂ ಮೂರೂ ಬರೆದು ಕಳಿಸಿದ್ದೇನೆ. ಡಬ್ಬಿ ಮನೆಯಲ್ಲಿದೆ, ಹಪ್ಪಳದ್ದು. ಅದನ್ನು ಕೊಡಲು ಮನೆಯಾಕೆ ಇನ್ನೂ ಒಪ್ಪಿಲ್ಲ. ಲೆನ್ಸಿನ ಮುಂದೆ ಒಂದು ಕೊಳವೆ ಹಾಕಿರುತ್ತಾರಲ್ಲ, ಪಕ್ಕದ ಬೆಳಕು ತಡೆಯಲು, ಅದು ಜೊತೆಗೇ ಬರುತ್ತದಾ?

ಚೆಂಡೆ ಸದ್ದು

ಹುಡ್ ಅಂತಾರೆ ಅದಕ್ಕೆ. ಆ ಲೆನ್ಸಿಗೆ ಜೊತೆಗೆ ಕೊಡುವುದಿಲ್ಲ, ಬೇರೆ ಕೊಳ್ಳಬೇಕು. ರಂಗಸ್ಥಳದ ಕಂಬಕ್ಕೆ ಕಟ್ಟಿದ ಲೈಟು ನೇರ ನಿಮ್ಮ ಕಡೆಗೇ ಹೊಡೆಯುತ್ತಿದ್ದರೆ ತಗೊಳ್ಳಿ. ನಾನು ಇನ್ನೂ ಎಡಗೈ ಅಡ್ಡ ಹಿಡಿದೇ ನಡೆಸುತ್ತಿದ್ದೇನೆ.